ಮಾತೆಯ ಹಬ್ಬ, ದೇಶದ ಹಬ್ಬ ಮತ್ತು ನಮ್ಮ ಮತ

(ಆಗಸ್ಟ್ 15: ಸ್ವರ್ಗಸ್ವೀಕೃತ ಮಾತೆಯ ಮಹೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆ)



ಆಗಸ್ಟ್ 15ರ ಬೆಳಿಗ್ಗೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಸಣ್ಣ ಗಡಿಬಿಡಿ ಪ್ರತಿವರ್ಷವೂ ಇದ್ದದ್ದೇ. ಪೂಜೆ ಮೊದಲೋ, ಧ್ವಜಾರೋಹಣ ಮೊದಲೋ? ಮಕ್ಕಳು ಎಂಟು ಗಂಟೆಗೆ ಶಾಲೆಯ ಮೈದಾನದಲ್ಲಿರಬೇಕು. ಗಾನವೃಂದದ ಅರ್ಧದಷ್ಟು ಮಂದಿ ಶಿಕ್ಷಕಿಯರು, ಅವರೂ ಅಲ್ಲಿರಬೇಕು. ಒಳಗೆ ಮಾತೆಯ ಸ್ವರೂಪಕ್ಕೆ ಹೂವಿನ ಅಲಂಕಾರ ನಡೆಯುತ್ತಿದ್ದರೆ ಹೊರಗೆ ಅಂಗಳದಲ್ಲಿ ಯುವಕರು ಕೇಸರಿ, ಬಿಳಿ, ಹಸಿರು ಕಾಗದದ ತೋರಣ ಕಟ್ಟುತ್ತಿರುತ್ತಾರೆ. ಅಂತೂ ಪೂಜೆ ಮುಗಿದು, ಜನರೆಲ್ಲ ಧ್ವಜಕಂಬದ ಸುತ್ತ ನಿಂತು, ರಾಷ್ಟ್ರಗೀತೆ ಹಾಡಿ, ಮಕ್ಕಳ ಕೈಗೆ ಮಿಠಾಯಿ ಸೇರುವ ಹೊತ್ತಿಗೆ ಎರಡೂ ಹಬ್ಬಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ.

ನಾವು ಈಗಿನ ಧರ್ಮಕೇಂದ್ರಕ್ಕೆ ಬಂದ ಹೊಸದರಲ್ಲಿ ಇಂಥದೇ ಒಂದು ದಿನ, ಮಿಠಾಯಿ ಹಂಚುತ್ತಿದ್ದಾಗ, ಏಳನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಫಾದರ್, ನಮ್ಮ ಕ್ಲಾಸಿನಲ್ಲಿ ಒಬ್ಬ ಹೇಳ್ತಾನೆ, ನಿಮ್ಮ ದೊಡ್ಡ ಸ್ವಾಮಿಗಳು ರೋಮಿನಲ್ಲಿ ಇರೋದು, ಅದಕ್ಕೆ ನಿಮ್ಮ ದೇಶ ಅದೇ ಅಂತ. ನಾನು ಏನು ಹೇಳಲಿ?"

ಆಗ ನಾವು ಹೇಳಿದ್ದು ಒಂದೇ ಮಾತು: "ನಿನ್ನ ಅಜ್ಜನ ಅಜ್ಜ ಯಾವ ಹೊಲ ಉಳುತ್ತಿದ್ದರು ಅಂತ ನಿನ್ನ ಅಪ್ಪನ್ನ ಕೇಳಿಕೊಂಡು ಬಾ." ಉತ್ತರ ತಪ್ಪಾಗಿರಲಿಲ್ಲ, ಆದರೆ ಸಾಲದಾಗಿತ್ತು. ಹುಡುಗ ತಲೆಯಾಡಿಸಿ ಹೋದ. ಅವನ ಮುಖ ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಪುಟಗಳಲ್ಲಿ ಕೊಡಲು ಯತ್ನಿಸುತ್ತೇವೆ. ಇದು ಅವನೊಬ್ಬನ ಪ್ರಶ್ನೆಯಲ್ಲ. ನಮ್ಮ ಎಷ್ಟೋ ಕುಟುಂಬಗಳಲ್ಲಿ ದೊಡ್ಡವರೂ ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದಾರೆ, ಚುನಾವಣೆ ಬಂದಾಗ ಅದು ಬೇರೆ ರೂಪದಲ್ಲಿ ಹೊರಬರುತ್ತದೆ: "ನಾವು ಹಿಡಿಯಷ್ಟು ಜನ, ನಮ್ಮ ಓಟಿನಿಂದ ಏನಾಗಬೇಕು ಸ್ವಾಮಿ?"

ಎಣಿಕೆಯಲ್ಲಿ ಬೇರೆಯಾಗಲು ಒಪ್ಪದವರು

ರೋಮಿನ ಜಗದ್ಗುರುಗಳೊಂದಿಗೆ ನಮಗಿರುವುದು ವಿಶ್ವಾಸದ ಬಂಧ. ಅವರು ನಮಗೆ ತೆರಿಗೆ ವಿಧಿಸುವುದಿಲ್ಲ, ಕಾನೂನು ಕಟ್ಟಳೆ ಮಾಡುವುದಿಲ್ಲ, ಗಡಿ ಕಾಯಲು ಕರೆಯುವುದಿಲ್ಲ. ಅವೆಲ್ಲವೂ ನಮಗೂ ನಮ್ಮ ದೇಶಕ್ಕೂ ಸೇರಿದ್ದು. ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ನಮ್ಮ ಹಿರಿಯರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರು. ಆ ಕಥೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಗುರುಮಠದಲ್ಲಿ ಓದುವಾಗ ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕೆಲವು ಪ್ರಾಂತಗಳ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. ಕ್ರೈಸ್ತ ಅಭ್ಯರ್ಥಿಗೆ ಕ್ರೈಸ್ತರೇ ಮತ ಹಾಕುವ ಏರ್ಪಾಡು ಅದು. ಸ್ವತಂತ್ರ ಭಾರತದ ಸಂವಿಧಾನ ರಚನಾ ಸಭೆ ಕೂಡಿದಾಗ ಇದನ್ನು ಮುಂದುವರಿಸಬೇಕೆ, ಇಲ್ಲವೆ ಕೆಲವು ಸ್ಥಾನಗಳನ್ನಾದರೂ ಕಾದಿರಿಸಬೇಕೆ ಎಂಬ ಚರ್ಚೆ ಎದ್ದಿತು. ಆ ಸಭೆಯ ಉಪಾಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತ ಹರೇಂದ್ರ ಕುಮಾರ್ ಮುಖರ್ಜಿಯವರು. ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರೂ ಅವರೇ. ಮದ್ರಾಸ್ ಪ್ರಾಂತದಿಂದ ಬಂದಿದ್ದವರಲ್ಲಿ ಒಬ್ಬರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರವರು. ಪ್ರತ್ಯೇಕ ಮತಕ್ಷೇತ್ರ ಮೊದಲೇ ಬಿದ್ದುಹೋಯಿತು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆಂದು ಯೋಚಿಸಿದ್ದ ಶಾಸನಸಭಾ ಮೀಸಲು ಸ್ಥಾನಗಳೂ ಬೇಡವೆಂದು ತೀರ್ಮಾನವಾಯಿತು. ಇವರಿಬ್ಬರಂಥ ಕ್ರೈಸ್ತ ನಾಯಕರು ಅದಕ್ಕೆ ಮನಸಾರೆ ಒಪ್ಪಿದರು.

ಯೋಚಿಸಿ ನೋಡಿ. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ನಮಗೆ ನಮ್ಮದೇ ಬಾಗಿಲು ಬೇಕು ಎಂದು ಕೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೂ ಎಲ್ಲರೂ ಬರುವ ಬಾಗಿಲಿನಿಂದಲೇ ನಾವೂ ಒಳಗೆ ಬರುತ್ತೇವೆ ಎಂದರು. ಅದಕ್ಕೆ ಪ್ರತಿಯಾಗಿ ಅವರು ಪಡೆದದ್ದು ಎರಡು: ತನ್ನ ವಿಶ್ವಾಸವನ್ನು ನಂಬುವ, ಆಚರಿಸುವ, ಸಾರುವ ಹಕ್ಕು ಎಲ್ಲರಿಗೂ ಇದೆ ಎನ್ನುವ ಸಂವಿಧಾನದ 25ನೇ ವಿಧಿ, ಹಾಗೂ ಹಳ್ಳಿಯ ಕೂಲಿಯಾಳಿಗೂ ಅರಮನೆಯ ಒಡೆಯನಿಗೂ ಒಂದೇ ತೂಕದ ಒಂದು ಮತ.

ಆದ್ದರಿಂದಲೇ ಚುನಾವಣೆಯ ಹೊತ್ತಿಗೆ "ಕ್ರೈಸ್ತರ ಓಟುಗಳು ನಮ್ಮ ಕೈಯಲ್ಲಿವೆ" ಎಂದು ಯಾರಾದರೂ ಒಂದು ಪಕ್ಷದ ಕಚೇರಿಗೆ ಹೋಗಿ ಹೇಳಿದರೆ ನಮಗೆ ಕಸಿವಿಸಿಯಾಗುತ್ತದೆ. ಹಾಗೆ ಹೇಳುವವರಲ್ಲಿ ನಮ್ಮವರೂ ಇದ್ದಾರೆ. ಸಂಘಟಿತರಾಗುವುದು ತಪ್ಪಲ್ಲ, ಸ್ಮಶಾನದ ಜಾಗಕ್ಕೋ ರಸ್ತೆಗೋ ಒಟ್ಟಾಗಿ ಮನವಿ ಕೊಡುವುದು ತಪ್ಪಲ್ಲ. ಆದರೆ ಮತಗಳನ್ನು ಕಟ್ಟಾಗಿ ಕಟ್ಟಿ ಒಪ್ಪಿಸಿದರೆ ಹಿರಿಯರು ಬೇಡವೆಂದ ಪ್ರತ್ಯೇಕ ಬಾಗಿಲನ್ನು ನಾವೇ ಹಿಂದಿನಿಂದ ತೆರೆದಂತೆ.

ಮಾತೆಯ ಹೆಸರು ಪಟ್ಟಿಯಲ್ಲಿತ್ತು

ಈಗ ಹಬ್ಬದ ಮಾತಿಗೆ ಬರೋಣ. ಮಾತೆ ಮರಿಯಮ್ಮನವರು ಆತ್ಮಶರೀರ ಸಹಿತರಾಗಿ ಸ್ವರ್ಗಕ್ಕೆ ಸ್ವೀಕೃತರಾದರೆಂಬುದನ್ನು ಪೋಪ್ 12ನೇ ಪಯಸ್‌ರವರು ವಿಶ್ವಾಸಸತ್ಯವೆಂದು ಘೋಷಿಸಿದ್ದು 1950ರ ನವೆಂಬರ್ 1ರಂದು. ನಮ್ಮ ಗಣರಾಜ್ಯ ಜಾರಿಗೆ ಬಂದದ್ದೂ ಅದೇ ವರ್ಷದ ಜನವರಿ 26ರಂದು. ಹಬ್ಬವಂತೂ ಅದಕ್ಕಿಂತ ನೂರಾರು ವರ್ಷ ಹಳೆಯದು. 1947ರ ಆಗಸ್ಟ್ 15ರ ಶುಕ್ರವಾರ ದೆಹಲಿಯಲ್ಲಿ ತ್ರಿವರ್ಣ ಧ್ವಜ ಹಾರುತ್ತಿದ್ದಾಗ ನಮ್ಮ ಹಳ್ಳಿಯ ದೇವಾಲಯಗಳಲ್ಲಿ ಇದೇ ಹಬ್ಬದ ಪೂಜೆ ನಡೆಯುತ್ತಿತ್ತು.

ಸ್ವರ್ಗಕ್ಕೆ ಏರಿದವರಿಗೆ ಭೂಮಿಯ ಸರ್ಕಾರಗಳ ಗೊಡವೆ ಏಕೆ ಎಂದು ಕೇಳಬಹುದು. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಕ್ರಿಸ್ಮಸ್ ರಾತ್ರಿ ಕೇಳುವಾಗ ನಾವು ಗೋದಲಿಯ ಕಡೆ ನೋಡುತ್ತಾ ಅದರ ಮೊದಲ ಸಾಲುಗಳನ್ನು ದಾಟಿಬಿಡುತ್ತೇವೆ. ಚಕ್ರವರ್ತಿ ಅಗಸ್ತನ ಆಜ್ಞೆಯಂತೆ ಹೆಸರು ನೋಂದಾಯಿಸಲು ಜೋಸೆಫರು ನಜರೇತಿನಿಂದ ಬೆತ್ಲೆಹೇಮಿಗೆ ಹೊರಟರು. ತುಂಬು ಗರ್ಭಿಣಿ ಮರಿಯಮ್ಮನವರೂ ಜೊತೆಗೆ ನಡೆದರು. ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಆ ಚಕ್ರವರ್ತಿ ಅವರ ಮತದವನಲ್ಲ, ಅವರ ಭಾಷೆಯವನಲ್ಲ, ಅವನನ್ನು ಅವರು ಆರಿಸಿದ್ದೂ ಅಲ್ಲ. ಆದರೂ ಹೋದರು. ಲೋಕೋದ್ಧಾರಕರು ಹುಟ್ಟಿದ್ದು ತಂದೆತಾಯಿ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಲು ಹೋದ ಊರಿನಲ್ಲಿ. ನಮ್ಮ ಹೆಸರು ಬರೆಸಲು ಮನೆಯ ಬಾಗಿಲಿಗೇ ಬರುವ ಬಿ.ಎಲ್.ಒ. ಅವರನ್ನು "ಆಮೇಲೆ ಬನ್ನಿ" ಎಂದು ಕಳುಹಿಸುವ ನಾವು ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ಅಗಸ್ತನ ಪಟ್ಟಿಯಲ್ಲಿ ಹೆಸರು ಬರೆಸಿದ ಇದೇ ತಾಯಿ, ಅದಕ್ಕೆ ಮೊದಲು ಎಲಿಜಬೇತಮ್ಮನವರ ಮನೆಯಲ್ಲಿ ಹಾಡಿದ ಸ್ತುತಿಗೀತೆಯನ್ನು ಈ ಹಬ್ಬದ ಶುಭಸಂದೇಶವಾಗಿ ಓದುತ್ತೇವೆ. ಗದ್ದುಗೆಯಲ್ಲಿ ಕುಳಿತ ಬಲಿಷ್ಠರನ್ನು ದೇವರು ಕೆಳಗಿಳಿಸುತ್ತಾರೆ, ದೀನರನ್ನು ಎತ್ತಿ ಹಿಡಿಯುತ್ತಾರೆ, ಹಸಿದವರಿಗೆ ಉಣಿಸುತ್ತಾರೆ ಎಂದು ಆ ಹದಿಹರೆಯದ ಹಳ್ಳಿಯ ಹೆಣ್ಣುಮಗಳು ಹಾಡಿದರು. ಕಾನೂನಿಗೆ ವಿಧೇಯತೆ, ಅನ್ಯಾಯದ ಎದುರು ನಿರ್ಭೀತಿ: ಎರಡೂ ಒಬ್ಬರೇ ತಾಯಿಯಲ್ಲಿ ಕೂಡಿದ್ದವು. ಆಕೆಯ ಕಾಲದಲ್ಲಿ ರಾಜರನ್ನು ಇಳಿಸುವ ದಾರಿ ಬಡವರ ಕೈಯಲ್ಲಿರಲಿಲ್ಲ. ಇಂದು ಐದು ವರ್ಷಕ್ಕೊಮ್ಮೆ ಇದೆ.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ಕಥೋಲಿಕ ಧರ್ಮೋಪದೇಶ ಗ್ರಂಥವು ದೇಶಪ್ರೇಮವನ್ನು ನಾಲ್ಕನೆಯ ಆಜ್ಞೆಯ ಅಡಿಯಲ್ಲಿ, ತಂದೆತಾಯಿಗಳನ್ನು ಗೌರವಿಸುವ ಕರ್ತವ್ಯದ ಜೊತೆಗೇ ಇಡುತ್ತದೆ. ತೆರಿಗೆ ಕಟ್ಟುವುದು, ಮತ ಚಲಾಯಿಸುವುದು, ದೇಶವನ್ನು ರಕ್ಷಿಸುವುದು, ಈ ಮೂರನ್ನೂ ನೈತಿಕ ಹೊಣೆಯೆಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಮತದಾನವನ್ನು ಹಕ್ಕೆಂದೂ ಕರ್ತವ್ಯವೆಂದೂ ಕರೆದಿತ್ತು. ಪೋಪ್ ಫ್ರಾನ್ಸಿಸ್‌ರವರು 2013ರಲ್ಲಿ ರಾಜಕೀಯವನ್ನು ಪ್ರೀತಿಸೇವೆಯ ಉನ್ನತ ರೂಪಗಳಲ್ಲಿ ಒಂದೆಂದು ಬರೆದರು. ನಮ್ಮಲ್ಲಿ "ರಾಜಕೀಯ" ಎಂಬ ಪದವನ್ನು ಬೈಗುಳದಂತೆ ಬಳಸುವುದು ರೂಢಿಯಾಗಿರುವುದರಿಂದ ಈ ಮಾತು ಕಿವಿಗೆ ವಿಚಿತ್ರವೆನಿಸಬಹುದು.

ಎರಡು ಪವಿತ್ರ ಗುರುವಾರಗಳು

ಕರ್ನಾಟಕದ ಕ್ರೈಸ್ತರಿಗೆ ಒಂದಲ್ಲ, ಎರಡು ಬಾರಿ ವಿಶೇಷ ಪರೀಕ್ಷೆ ಎದುರಾಯಿತು. 2014ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಮತದಾನ ನಡೆದದ್ದು ಏಪ್ರಿಲ್ 17ರಂದು; ಅಂದು ಪವಿತ್ರ ಗುರುವಾರ. 2019ರಲ್ಲಿ ರಾಜ್ಯದ ದಕ್ಷಿಣ ಭಾಗದ ಮತದಾನ ಏಪ್ರಿಲ್ 18ರಂದು. ಅದೂ ಪವಿತ್ರ ಗುರುವಾರ. ನೆರೆಯ ತಮಿಳುನಾಡಿನಲ್ಲಿ ಅಂದೇ ಮತದಾನವಿದ್ದು, ದಿನಾಂಕ ಬದಲಿಸಬೇಕೆಂದು ಅಲ್ಲಿನ ಕ್ರೈಸ್ತರು ಕೇಳಿಕೊಂಡರು. ಬದಲಾಗಲಿಲ್ಲ. ನೋವು ಸಹಜವೇ. ಆದರೆ ಆ ದಿನದ ಸಂಜೆ ನಾವು ಆಚರಿಸುವುದೇನು? ಗುರುವೂ ಪ್ರಭುವೂ ಆದವರು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದದ್ದನ್ನಲ್ಲವೇ? ಅಧಿಕಾರವೆಂದರೆ ಸೇವೆ ಎಂಬ ಪಾಠವನ್ನು ಕೇಳುವ ದಿನವೇ ಅಧಿಕಾರ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಅಷ್ಟೇನೂ ಹೊಂದದ ಸಂಗತಿಯಲ್ಲ.

ಹೀಗೆ ಬರೆಯುವುದು ಸುಲಭ. 2014ರಲ್ಲಿ ನಾವು ಹಿಂದಿನ ಭಾನುವಾರದ ಪ್ರಬೋಧನೆಯಲ್ಲಿ ಮತದಾನದ ಬಗ್ಗೆ ಹದಿನೈದು ನಿಮಿಷ ಮಾತನಾಡಿದ್ದೆವು. ಗುರುವಾರ ಬೆಳಗಿನಿಂದ ಪರಮಪ್ರಸಾದದ ವಿಶೇಷ ಪೀಠದ ಅಲಂಕಾರ, ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರನ್ನು ಒಟ್ಟುಗೂಡಿಸುವುದು, ಇದರಲ್ಲೇ ಹೊತ್ತು ಕಳೆದು ಮಧ್ಯಾಹ್ನ ಮೂರಕ್ಕೆ ಮತಗಟ್ಟೆಗೆ ಓಡಿದರೆ ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ಹೇಗಿರಬೇಕು? ವರ್ಗವಾಗಿ ಬಂದು ಎರಡು ವರ್ಷವಾಗಿತ್ತು; ವಿಳಾಸ ಬದಲಿಸುವ ಅರ್ಜಿ ಕೊಟ್ಟಿರಲೇ ಇಲ್ಲ. ಸರದಿಯಲ್ಲಿ ನಿಂತಿದ್ದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಬೆರಳ ಶಾಯಿ ತೋರಿಸಿ, "ನಮ್ಮದಾಯಿತು ಸ್ವಾಮಿ, ನಿಮ್ಮದು?" ಎಂದು ಕೇಳಿದಾಗ ನೆಲ ಬಾಯಿಬಿಡಬಾರದೇ ಎನಿಸಿತು. ಗುರುಗಳು, ಕನ್ಯಾಸ್ತ್ರೀಯರು ನಾಲ್ಕಾರು ವರ್ಷಕ್ಕೊಮ್ಮೆ ಜಾಗ ಬದಲಿಸುವವರು. ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂದು ಆಮೇಲೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

2019ರ ಹೊತ್ತಿಗೆ ನಾವು ಬೇರೆ ಧರ್ಮಕೇಂದ್ರದಲ್ಲಿದ್ದೆವು. ಈ ಬಾರಿ ಹೆಸರೂ ಇತ್ತು. ಪಾದ ತೊಳೆಯುವ ವಿಧಿಯಲ್ಲಿ ಸ್ತ್ರೀಯರಿಗೂ ಸ್ಥಾನವಿರಬಹುದೆಂದು 2016ರಲ್ಲಿ ರೋಮಿನಿಂದ ಅನುಮತಿ ಬಂದಿತ್ತಲ್ಲ, ಅಂದಿನ ಹನ್ನೆರಡು ಜನರಲ್ಲಿ ಗಾರೆ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಇದ್ದರು. ಸಿಮೆಂಟು ತಿಂದು ಬಿರುಕು ಬಿಟ್ಟ ಪಾದ. ನೀರು ಹಾಕುವಾಗ ಅವರು ಸಂಕೋಚದಿಂದ ಸೀರೆಯ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಆ ತೋರುಬೆರಳಿನ ಮೇಲೆ ಹೊಸ ಶಾಯಿಯ ಗೆರೆ. ಕೂಲಿ ಬಿಟ್ಟು, ಬಿಸಿಲಿನಲ್ಲಿ ಸರದಿ ನಿಂತು, ಮತ ಹಾಕಿ, ಸ್ನಾನ ಮಾಡಿ ದೇವಾಲಯಕ್ಕೆ ಬಂದಿದ್ದರು. ಆ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ 1962ರ ಮಹಾಚುನಾವಣೆಯಿಂದ ಇಡೀ ದೇಶದ ಬೆರಳುಗಳಿಗೆ ಹೋಗುತ್ತಿದೆ.

ಮುಖವಿರುವ ನಾಣ್ಯ

ಇನ್ನು ಎಲ್ಲರಿಗೂ ಗೊತ್ತಿದ್ದು ಯಾರೂ ಪ್ರಬೋಧನೆಯಲ್ಲಿ ಎತ್ತದ ಸಂಗತಿ. ಚುನಾವಣೆಯ ಹಿಂದಿನ ರಾತ್ರಿ ಬರುವ ಲಕೋಟೆ, ಸೀರೆ, ಕುಕ್ಕರು, ಬಾಟಲಿ.

ಮನೆ ಭೇಟಿಯ ವೇಳೆ (ಪಾಪನಿವೇದನೆಯಲ್ಲಲ್ಲ, ಅಲ್ಲಿ ಕೇಳಿದ್ದನ್ನು ಬರೆಯುವಂತಿಲ್ಲ) ಒಬ್ಬ ಗೃಹಿಣಿ ನೇರವಾಗಿ ಕೇಳಿದರು: "ಸ್ವಾಮಿ, ಎರಡು ಪಾರ್ಟಿಯವರೂ ದುಡ್ಡು ಕೊಟ್ಟರು. ಬೇಡ ಅಂದರೆ ಓಣಿಯಲ್ಲಿ ಹಗೆತನ. ತಗೊಂಡೆ. ಆದರೆ ಓಟು ಮಾತ್ರ ನನ್ನ ಮನಸ್ಸಿಗೆ ಬಂದವರಿಗೆ ಹಾಕಿದೆ. ಪಾಪವಾ?"

ಪ್ರಾಮಾಣಿಕ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ಮನಸ್ಸಿಗೆ ಒಪ್ಪಿದವರಿಗೆ ಮತ ಹಾಕಿದ್ದು ಸರಿ. ಹಣ ತೆಗೆದುಕೊಂಡದ್ದು ಸರಿಯಲ್ಲ. ದೇಶದ ಕಾನೂನಿನಲ್ಲಿ ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ಅಪರಾಧಿಗಳು. ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ನೈತಿಕವಾಗಿ ನೋಡಿದರೆ, ಮತ ನಮ್ಮೊಬ್ಬರ ಆಸ್ತಿಯಲ್ಲ. ಊರಿನ ಆಸ್ಪತ್ರೆಗೆ ವೈದ್ಯರು ಬರಬೇಕಾದ ಹಸುಗೂಸಿಗೆ, ಪಿಂಚಣಿಗಾಗಿ ಅಲೆಯುವ ಅಜ್ಜಿಗೆ, ಇವರ ಪರವಾಗಿಯೂ ನಮ್ಮ ಕೈಗೆ ಬಂದಿರುವ ಹೊಣೆ ಅದು. ಬೇರೆಯವರ ಪಾಲೂ ಸೇರಿರುವುದನ್ನು ಮಾರುವುದು ಹೇಗೆ? ಅಲ್ಲದೆ ಲಕ್ಷಗಟ್ಟಲೆ ಹಂಚಿದವನು ಗೆದ್ದ ಮೇಲೆ ಅದನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆಂಬುದು ಯಾರಿಗೆ ತಿಳಿಯದು? ಓಣಿಯ ಹಗೆತನಕ್ಕೆ ಹೆದರಿ ಅಸಹಾಯಕರಾಗಿ ಪಡೆದವರ ಹೊಣೆ ಕಡಿಮೆ. ಕೇಳಿ ಪಡೆದವರ ಹೊಣೆ ಹೆಚ್ಚು. ಆ ಹಣವನ್ನು ಮನೆಯ ಖರ್ಚಿಗೆ ಬಳಸದೆ ಬಡವರಿಗೆ ಕೊಟ್ಟುಬಿಡಿ ಎಂದು ನಾವು ಹೇಳಿದೆವು. ಮುಂದಿನ ಬಾರಿ ಓಣಿಯ ನಾಲ್ಕು ಮನೆಯವರು ಮೊದಲೇ ಮಾತನಾಡಿಕೊಂಡು ಒಟ್ಟಾಗಿ ಬೇಡವೆಂದರೆ ಹಗೆತನದ ಭಯವೂ ಕಡಿಮೆಯಾಗುತ್ತದೆ ಎಂದೂ ಹೇಳಿದೆವು.

"ಆದರೆ ದೇವರ ಪಟ ಮುಟ್ಟಿಸಿ ಆಣೆ ಹಾಕಿಸಿಕೊಂಡರಲ್ಲ" ಎಂದರು ಆಕೆಯ ಅತ್ತೆ, ಒಳಗಿನಿಂದ. ಇದೇ ಜನರನ್ನು ಹೆಚ್ಚು ಬಾಧಿಸುವ ವಿಷಯ. ತಪ್ಪು ಕೆಲಸ ಮಾಡುವೆನೆಂದು ಇಟ್ಟ ಆಣೆಗೆ ಬಲವಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಹೆರೋದರಸನು ಸ್ನಾನಿಕ ಯೊವಾನ್ನರ ತಲೆ ಕಡಿಸಿದ. ಆಣೆ ಉಳಿಸಿಕೊಂಡನೆಂದು ಧರ್ಮಸಭೆ ಅವನನ್ನು ಎಂದಾದರೂ ಹೊಗಳಿದೆಯೇ? ಆಣೆ ಇಟ್ಟದ್ದಕ್ಕೆ ಪಶ್ಚಾತ್ತಾಪಪಡಬೇಕು, ಅದನ್ನು ಮುರಿದದ್ದಕ್ಕಲ್ಲ. ಇನ್ನು, ಯಾರಿಗೆ ಹಾಕಿದಿರೆಂದು ಅವರಿಗೆ ಗೊತ್ತಾಗುತ್ತದೆ ಎಂಬ ಬೆದರಿಕೆಯನ್ನು ನಂಬಬೇಡಿ. ಮತದಾನದ ಗುಟ್ಟನ್ನು ಕಾಯುವುದು ಕಾನೂನು.

ಫರಿಸಾಯರು ತೆರಿಗೆಯ ಪ್ರಶ್ನೆ ತಂದಾಗ ಯೇಸುಸ್ವಾಮಿ ನಾಣ್ಯ ತರಿಸಿ ಅದರ ಮೇಲಿನ ಮುಖ ಯಾರದೆಂದು ಕೇಳಿದರು. ಚಕ್ರವರ್ತಿಯ ಮುಖವಿದ್ದದ್ದು ಚಕ್ರವರ್ತಿಗೆ ಸಲ್ಲಲಿ ಎಂದರು, ದೇವರದು ದೇವರಿಗೆ. ಹಾಗಾದರೆ ದೇವರ ಮುಖ ಎಲ್ಲಿ ಅಚ್ಚಾಗಿದೆ? ತಮ್ಮ ರೂಪದಲ್ಲೇ ಅವರು ಮನುಷ್ಯನನ್ನು ಸೃಷ್ಟಿಸಿದರೆಂದು ಆದಿಕಾಂಡ ಹೇಳುತ್ತದೆ. ಅಂದರೆ ನಮ್ಮ ಮೇಲೆ. ಗಾಂಧೀಜಿಯವರ ಮುಖವಿರುವ ನೋಟಿಗೆ ದೇವರ ಮುಖವಿರುವ ಮನುಷ್ಯನ ಮನಸ್ಸಾಕ್ಷಿಯನ್ನು ಕೊಂಡುಕೊಳ್ಳುವ ಶಕ್ತಿಯಿಲ್ಲ. ಗಾಂಧೀಜಿಯವರೂ ಅದನ್ನು ಮೆಚ್ಚುತ್ತಿರಲಿಲ್ಲ.

ಯಾರಿಗೆ ಹಾಕಬೇಕು, ಸ್ವಾಮಿ?

ಈ ಪ್ರಶ್ನೆಗೆ ಹೆಸರು ಹೇಳಲು ನಮಗೆ ಅಧಿಕಾರವಿಲ್ಲ. ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಪೂಜಾಸ್ಥಳಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ನೀತಿಸಂಹಿತೆಯೂ ಹೇಳುತ್ತದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆಯೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ ಬಹುಮತದಿಂದ ತೀರ್ಪಿತ್ತಿತು. ಅಭ್ಯರ್ಥಿಗಳು ಗುರುಮನೆಗೆ ಬಂದರೆ ಕಾಫಿ ಕೊಡುತ್ತೇವೆ, ಕೇಳಿದರೆ ಪ್ರಾರ್ಥಿಸುತ್ತೇವೆ. ಎಲ್ಲ ಪಕ್ಷದವರಿಗೂ ಅದೇ ಕಾಫಿ, ಅದೇ ಪ್ರಾರ್ಥನೆ.

ಗುರುಗಳು ಹೆಸರು ಹೇಳಬಾರದೆನ್ನಲು ಕಾನೂನಿಗಿಂತ ಆಳವಾದ ಕಾರಣವೊಂದಿದೆ: ನಾವು ತಪ್ಪಬಹುದು. 1938ರಲ್ಲಿ ಆಸ್ಟ್ರಿಯಾ ದೇಶವನ್ನು ಹಿಟ್ಲರನ ಜರ್ಮನಿ ನುಂಗಿತು. ಅದಕ್ಕೆ ಜನರ ಒಪ್ಪಿಗೆ ಪಡೆದಂತೆ ತೋರಿಸಲು ಏಪ್ರಿಲ್ 10ರಂದು ಮತದಾನ ಇಟ್ಟರು. ಅಂದು ಗರಿಗಳ ಭಾನುವಾರ. ಅದಕ್ಕೆ ಮುಂಚೆ ಮಾರ್ಚ್ ತಿಂಗಳಲ್ಲಿ ಆಸ್ಟ್ರಿಯಾದ ಧರ್ಮಾಧ್ಯಕ್ಷರೆಲ್ಲ ಸೇರಿ ಒಪ್ಪಿಗೆಯ ಪರವಾಗಿ ಹೇಳಿಕೆಗೆ ಸಹಿ ಹಾಕಿದ್ದರು. ಅವರ ಮುಖ್ಯಸ್ಥರಾದ ಕಾರ್ಡಿನಲ್ ಇನ್ನಿಟ್ಸರ್‌ರವರನ್ನು ಪೋಪ್ 11ನೇ ಪಯಸ್‌ರವರು ರೋಮಿಗೆ ಕರೆಸಿಕೊಂಡು ಸ್ಪಷ್ಟನೆ ಬರೆಸಿಕೊಂಡರು. ಆದರೆ ಊರೂರುಗಳಲ್ಲಿ ಮೊದಲ ಹೇಳಿಕೆಯೇ ನಿಂತಿತು.

ಸಂಕ್ತ್ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯಲ್ಲಿ ಫ್ರಾಂಝ್ ಯೇಗರ್‌ಸ್ಟೆಟರ್ ಎಂಬ ರೈತರಿದ್ದರು. ಹೆಚ್ಚು ಓದಿದವರಲ್ಲ. ಹೊಲದ ಕೆಲಸದ ಜೊತೆಗೆ ದೇವಾಲಯದಲ್ಲಿ ಗಂಟೆ ಬಾರಿಸುವುದು, ಪೂಜೆಗೆ ಅಣಿಮಾಡುವುದು ಅವರ ಸೇವೆ. ಆ ಹಳ್ಳಿಯಲ್ಲಿ ಅಂದು "ಬೇಡ" ಎಂದು ಮತ ಹಾಕಿದವರು ಅವರೊಬ್ಬರೇ. ಅಧಿಕಾರಿಗಳು ಆ ಒಂದು ಮತವನ್ನು ಮುಚ್ಚಿಟ್ಟು ಊರು ನೂರಕ್ಕೆ ನೂರು ಒಪ್ಪಿದೆಯೆಂದು ಸಾರಿದರು. ಮುಂದೆ ಹಿಟ್ಲರನ ಯುದ್ಧದಲ್ಲಿ ಹೋರಾಡಲು ಅವರು ನಿರಾಕರಿಸಿದರು. ಹೆಂಡತಿ ಮಕ್ಕಳ ಬಗ್ಗೆ ಯೋಚಿಸು ಎಂದು ಗುರುಗಳೂ ಧರ್ಮಾಧ್ಯಕ್ಷರೂ ಬುದ್ಧಿ ಹೇಳಿದರು. ಯೋಚಿಸದೆ ಅಲ್ಲ, ಮಡದಿ ಫ್ರಾಂಝಿಸ್ಕಾ, ಮೂವರು ಪುಟ್ಟ ಹೆಣ್ಣುಮಕ್ಕಳು ಮನೆಯಲ್ಲಿದ್ದರು. 1943ರ ಆಗಸ್ಟ್ 9ರಂದು ಅವರ ಶಿರಚ್ಛೇದ ಮಾಡಲಾಯಿತು. 2007ರ ಅಕ್ಟೋಬರ್‌ನಲ್ಲಿ ಲಿಂಝ್ ನಗರದಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಘೋಷಿಸಿದಾಗ ಫ್ರಾಂಝಿಸ್ಕಾರವರು, ತೊಂಬತ್ತು ದಾಟಿದ ವೃದ್ಧೆ, ಎದುರಿಗೆ ಕುಳಿತಿದ್ದರು.

ನಮ್ಮ ದೇಶವನ್ನು ಆ ದಿನಗಳಿಗೆ ಹೋಲಿಸಲು ಇದನ್ನು ಹೇಳುತ್ತಿಲ್ಲ. ಎಣಿಕೆಗೂ ಸಿಗದ ಆ ಒಂದು ಮತಕ್ಕೆ ದೇವರ ಮುಂದೆ ಎಷ್ಟು ಬೆಲೆ ಇತ್ತೆಂದು ತೋರಿಸಲು ಹೇಳಿದೆವು. "ಹಿಡಿಯಷ್ಟು ಜನ" ಎನ್ನುವ ನಮಗೆ ಹಿಡಿಯೂ ಅಲ್ಲದ ಒಬ್ಬರ ಸಾಕ್ಷಿ ಇದೆ. ಯೇಗರ್‌ಸ್ಟೆಟರ್ ತಮ್ಮ ದೇಶವನ್ನು ದ್ವೇಷಿಸಿದವರಲ್ಲ. ನೆರೆಯವರಿಗಿಂತ ಆಳವಾಗಿ ಪ್ರೀತಿಸಿದವರು. ಮನುಷ್ಯರಿಗಿಂತ ಮೊದಲು ದೇವರಿಗೆ ವಿಧೇಯರಾಗಬೇಕೆಂದು ಪೇತ್ರರು ನ್ಯಾಯಸಭೆಯ ಮುಂದೆ ಹೇಳಿದ್ದನ್ನು ಅವರು ಅಕ್ಷರಶಃ ನಂಬಿದ್ದರು.

ಆದ್ದರಿಂದ ಮತಗಟ್ಟೆಗೆ ಹೋಗುವ ಮುನ್ನ ಕುಟುಂಬದಲ್ಲಿ ಕುಳಿತು ಮಾತನಾಡಿ. ಅಭ್ಯರ್ಥಿ ಹಿಂದೆ ಏನು ಮಾಡಿದ್ದಾರೆ, ದುರ್ಬಲರನ್ನು ಹೇಗೆ ಕಾಣುತ್ತಾರೆ, ಜೀವದ ಬಗ್ಗೆ ಗೌರವ ಇದೆಯೇ, ಒಂದು ಧರ್ಮದವರನ್ನು ಇನ್ನೊಂದರ ಮೇಲೆ ಎತ್ತಿಕಟ್ಟುತ್ತಾರೆಯೇ. ನಮ್ಮ ಧರ್ಮದವರೆಂಬ ಒಂದೇ ಕಾರಣಕ್ಕೆ ಹಾಕಬೇಡಿ. ಅಲ್ಲವೆಂಬ ಒಂದೇ ಕಾರಣಕ್ಕೆ ಬಿಡಲೂ ಬೇಡಿ. ಯಾರೂ ಸರಿಯಿಲ್ಲ ಎನಿಸಿದರೆ 2013ರಿಂದ ನೋಟಾ ಇದೆ. ಅದು ಫಲಿತಾಂಶ ಬದಲಿಸುವುದಿಲ್ಲ, ಹಾಗಾಗಿ ಅದನ್ನು ಕೊನೆಯ ದಾರಿಯೆಂದೇ ನಾವು ಭಾವಿಸುತ್ತೇವೆ.

ಕಾವಿ ಸೀರೆ, ಹೊಸ ತೆನೆ

ನಿಮ್ಮ ಸಂಸ್ಕೃತಿ ಬೇರೆ ಎಂಬ ಮಾತಿಗೂ ಎರಡು ಮಾತು ಹೇಳಬೇಕು. ಸೆಪ್ಟೆಂಬರ್ 8ರ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯಕ್ಕೆ ಹೋಗಿ ನೋಡಿ. ಕಾವಿ ಬಣ್ಣದ ಸೀರೆಯುಟ್ಟು ಹರಕೆ ಹೊತ್ತು ಬರುವ ತಾಯಂದಿರಲ್ಲಿ ಯಾರು ಕ್ರೈಸ್ತರು, ಯಾರು ಹಿಂದೂಗಳು ಎಂದು ಹೇಳುವುದು ಕಷ್ಟ. ಅದೇ ದಿನ ಮಂಗಳೂರಿನ ಕಡೆಯ ಮನೆಗಳಲ್ಲಿ ಮೊಂತಿ ಹಬ್ಬ. ಆ ವರ್ಷದ ಹೊಸ ತೆನೆಯನ್ನು ದೇವಾಲಯದಲ್ಲಿ ಆಶೀರ್ವದಿಸಿ ತಂದು ಎಲ್ಲರೂ ಕೂಡಿ ಉಣ್ಣುತ್ತಾರೆ. ಶ್ರೀರಂಗಪಟ್ಟಣಕ್ಕೆ 17ನೇ ಶತಮಾನದಲ್ಲಿ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. 1969ರಲ್ಲಿ ಆರತಿ, ಅಂಜಲಿ ನಮಸ್ಕಾರ, ನೆಲದ ಮೇಲೆ ಕುಳಿತು ಪ್ರಾರ್ಥಿಸುವುದು ಮುಂತಾದ ಭಾರತೀಯ ಪದ್ಧತಿಗಳನ್ನು ಪೂಜಾವಿಧಿಯಲ್ಲಿ ಬಳಸಲು ರೋಮ್ ಒಪ್ಪಿಗೆ ಕೊಟ್ಟಿತು. ಹುಡುಗನ ಸಹಪಾಠಿ ಹೇಳಿದ ಅದೇ ರೋಮ್. ಆರತಿ ಎತ್ತಬೇಡಿ ಎಂದು ಅಂದು ಜಗಳ ಮಾಡಿದವರು ನಮ್ಮವರೇ ಎಂಬುದೂ ನಿಜ.

2008ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ಹಬ್ಬದ ಭಾನುವಾರ, ಮಂಗಳೂರಿನಲ್ಲೂ ರಾಜ್ಯದ ಬೇರೆಡೆಯೂ ದೇವಾಲಯಗಳ ಮೇಲೆ, ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಪರಮಪ್ರಸಾದಕ್ಕೆ ಆದ ಅಪಚಾರವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ. ಮರೆಯಿರಿ ಎಂದು ನಾವೂ ಹೇಳುವುದಿಲ್ಲ. ಆದರೆ ಮುಂದಿನ ವರ್ಷ ಲೋಕಸಭಾ ಚುನಾವಣೆ ಬಂದಾಗ ಅದೇ ಜನ ಅದೇ ನೆರೆಹೊರೆಯವರ ಜೊತೆ ಒಂದೇ ಸರದಿಯಲ್ಲಿ ನಿಂತರು. ದೇಶನಿಷ್ಠೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ನಾವು ಯಾರಿಗೂ ತೋರಿಸಬೇಕಾಗಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ಈಗ ಹದಿನೇಳು ತುಂಬಿದೆ, ಮೀಸೆ ಚಿಗುರಿದೆ. ಕಳೆದ ತಿಂಗಳು ಗುರುಮನೆಗೆ ಬಂದ. ಹದಿನೇಳು ದಾಟಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ ಎಂದು ಅವನೇ ನಮಗೆ ಹೇಳಿದ. ನಮೂನೆ 6ನ್ನು ಮೇಜಿನ ಮೇಲೆ ಹರಡಿ ಕನ್ನಡದಲ್ಲಿ ಹೆಸರು ಬರೆಯುವಾಗ ಪೆನ್ನು ನಿಲ್ಲಿಸಿ, "ಫಾದರ್, ಜ್ಞಾನಸ್ನಾನದ ಹೆಸರು ಬರೆಯಲಾ, ಮನೆಯಲ್ಲಿ ಕರೆಯೋದು ಬರೆಯಲಾ?" ಎಂದ. ಶಾಲೆಯ ದಾಖಲೆಯಲ್ಲಿ ಇರುವುದನ್ನು ಬರಿ ಎಂದೆವು. ಅಲ್ಲಿ ಎರಡೂ ಇದ್ದವು. ಬರೆದ.

ಈ ಆಗಸ್ಟ್ 15ರಂದು ಪೂಜೆ ಏಳು ಗಂಟೆಗೆ, ಧ್ವಜಾರೋಹಣ ಎಂಟೂಕಾಲಿಗೆ. ಹೊಸದಾಗಿ ಹೆಸರು ಸೇರಿಸುವವರಿಗೆ ನಮೂನೆ 6, ವಿಳಾಸ ಬದಲಾದವರಿಗೂ ತಿದ್ದುಪಡಿ ಬೇಕಾದವರಿಗೂ ನಮೂನೆ 8, ಎರಡೂ ದೇವಾಲಯದ ಬಾಗಿಲ ಬಳಿ ಯುವಕರ ಮೇಜಿನಲ್ಲಿ ಸಿಗುತ್ತವೆ. ಒಂದು ಭಾವಚಿತ್ರ ತನ್ನಿ. ನಮ್ಮ ಅರ್ಜಿಯನ್ನು ಈ ಬಾರಿ ಎಲ್ಲರಿಗಿಂತ ಮೊದಲೇ ಕೊಟ್ಟಾಗಿದೆ.